ನಾಯಿ ಇರುವವರು ಬಾಡಿಗೆ ಮನೆ ಹುಡುಕುವುದು ಹೇಗೆ?

‘ನಾಯಿ ಇದೆಯಾ? ಹಾಗಾದರೆ ಕೊಡೋದಿಲ್ಲ.’ ನಾಯಿ ಸಾಕಿಕೊಂಡು ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಮಾತು ಗೊತ್ತು. ಮನೆ ಇಷ್ಟವಾಗಿರುತ್ತದೆ, ಬಾಡಿಗೆಯೂ ಹೊಂದುತ್ತದೆ. ನಾಯಿಯ ವಿಷಯ ಬಂದ ಕೂಡಲೇ ಮಾತು ಮುರಿದುಬೀಳುತ್ತದೆ. ನಾಲ್ಕಾರು ಕಡೆ ಹೀಗಾದ ಮೇಲೆ ಕೆಲವರು ನಾಯಿಯನ್ನು ಮುಚ್ಚಿಟ್ಟು ಮನೆ ಸೇರುತ್ತಾರೆ. ಇನ್ನು ಕೆಲವರು ನಾಯಿಯನ್ನೇ ಬಿಟ್ಟುಬಿಡುತ್ತಾರೆ. ಎರಡೂ ಆಗಬಾರದು.

‘ಇಲ್ಲ’ ಎನ್ನುವ ಮಾಲೀಕರಿಗೆಲ್ಲ ನಾಯಿ ಕಂಡರೆ ಆಗುವುದಿಲ್ಲ ಎಂದೇನೂ ಅಲ್ಲ. ಅವರಿಗೆ ನಿಮ್ಮ ನಾಯಿ ಗೊತ್ತಿಲ್ಲ, ಅಷ್ಟೇ. ಗೊತ್ತಿಲ್ಲದ ನಾಯಿ ಎಂದಾಗ ಅವರ ತಲೆಗೆ ಬರುವುದು ನಾಲ್ಕು ಭಯ: ಬೊಗಳುತ್ತದೆ, ಬಾಗಿಲು ಕೆರೆದು ಹಾಳು ಮಾಡುತ್ತದೆ, ಮನೆಯೆಲ್ಲ ವಾಸನೆ ಬರುತ್ತದೆ, ಯಾರಿಗಾದರೂ ಕಚ್ಚುತ್ತದೆ. ಈ ನಾಲ್ಕಕ್ಕೂ ಕಣ್ಣಿಗೆ ಕಾಣುವಂಥ ಉತ್ತರ ನಿಮ್ಮ ಕೈಯಲ್ಲಿರಬೇಕು. ‘ನಮ್ಮ ನಾಯಿ ತುಂಬಾ ಒಳ್ಳೇದು ಸರ್’ ಎನ್ನುವುದು ಉತ್ತರವಲ್ಲ. ಅದನ್ನು ಎಲ್ಲರೂ ಹೇಳುತ್ತಾರೆ, ಅಲ್ವಾ?

ಹಾಗಾಗಿ ಮನೆ ಹುಡುಕುವ ಕೆಲಸ ಮನೆಯಿಂದ ಶುರುವಾಗುವುದಿಲ್ಲ. ನಾಯಿಯಿಂದ ಶುರುವಾಗುತ್ತದೆ.

ಮೊದಲು, ಸಮಯ ಇಟ್ಟುಕೊಳ್ಳಿ

ನಾಯಿ ಇಲ್ಲದವರು ಎರಡು ವಾರದಲ್ಲಿ ಮನೆ ಹುಡುಕಿಬಿಡಬಹುದು. ನಿಮಗೆ ಅಷ್ಟು ಸಾಲದು. ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ. ಅವಸರದಲ್ಲಿರುವವರು ಎಂಥ ಷರತ್ತಿಗೂ ತಲೆಯಾಡಿಸುತ್ತಾರೆ, ಆಮೇಲೆ ಅದನ್ನು ಪಾಲಿಸಲು ಒದ್ದಾಡುತ್ತಾರೆ. ಸಾಧ್ಯವಿದ್ದರೆ ಹೊಸ ಮನೆಯ ಕರಾರಿಗೆ ಸಹಿ ಆಗುವವರೆಗೂ ಈಗಿನ ಮನೆ ಬಿಡುತ್ತೇನೆ ಎಂದು ನೋಟಿಸ್ ಕೊಡಬೇಡಿ. ಎರಡು ಮನೆಯ ಬಾಡಿಗೆ ಕೆಲವು ದಿನ ಒಟ್ಟಿಗೆ ಬಿದ್ದರೂ ಪರವಾಗಿಲ್ಲ. ನಾಯಿ ಜೊತೆ ಬೀದಿಗೆ ಬೀಳುವ ಭಯಕ್ಕಿಂತ ಅದು ಎಷ್ಟೋ ಮೇಲು.

ನಾಯಿಯನ್ನು ಸಿದ್ಧ ಮಾಡಿ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಬಾಡಿಗೆ ಮನೆಯಲ್ಲಿ ನಾಯಿಯ ಬದುಕು ನಿಂತಿರುವುದು ಇದರ ಮೇಲೆಯೇ.

ಮಾಲೀಕರಿಗೆ ಬರುವ ದೂರುಗಳಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವುದು ಬೊಗಳುವಿಕೆ. ತಮಾಷೆಯೆಂದರೆ ಅದು ನಿಮಗೆ ಕೇಳಿಸುವುದೇ ಇಲ್ಲ, ಏಕೆಂದರೆ ನಾಯಿ ಬೊಗಳುವುದು ನೀವು ಮನೆಯಲ್ಲಿ ಇಲ್ಲದಾಗ. ಹಾಗಾಗಿ ಮೊದಲು ಪರೀಕ್ಷೆ ಮಾಡಿ. ಹಳೆಯ ಫೋನೊಂದನ್ನು ವೀಡಿಯೊ ರೆಕಾರ್ಡಿಂಗ್‌ಗೆ ಇಟ್ಟು ಒಂದೆರಡು ಗಂಟೆ ಹೊರಗೆ ಹೋಗಿ ಬನ್ನಿ. ನಾಯಿ ಸ್ವಲ್ಪ ಹೊತ್ತು ಓಡಾಡಿ ಮಲಗಿಬಿಟ್ಟರೆ ನಿಮ್ಮ ಅದೃಷ್ಟ. ಆ ವೀಡಿಯೊ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಮಾಲೀಕರಿಗೆ ತೋರಿಸಬಹುದು. ಬೊಗಳಿದರೆ, ಯಾವಾಗ ಬೊಗಳಿತು ಎಂದು ಗಮನಿಸಿ.

ಕೆಲವು ನಾಯಿಗಳು ಶಬ್ದಕ್ಕೆ ಬೊಗಳುತ್ತವೆ. ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಜ್‌ವರೆಗಿನ ಶಬ್ದ ಕೇಳಿಸಿದರೆ ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೂ ಕೇಳಿಸುತ್ತದೆ. ನಮಗೆ ಗೊತ್ತೇ ಆಗದ ಎಷ್ಟೋ ಸದ್ದು ಅದಕ್ಕೆ ಕೇಳುತ್ತಿರುತ್ತದೆ. ಇಂಥ ನಾಯಿಗೆ ಬಾಗಿಲಿನಿಂದ ದೂರದ ಕೋಣೆಯಲ್ಲಿ ಹಾಸಿಗೆ ಹಾಕಿ. ಫ್ಯಾನ್ ಅಥವಾ ಮೆಲ್ಲಗೆ ರೇಡಿಯೊ ಹಾಕಿಡಿ. ಬೀದಿ ಕಾಣುವ ಕಿಟಕಿಗೆ ಪರದೆ ಬಿಡಿ. ಇಷ್ಟಕ್ಕೇ ಎಷ್ಟೋ ನಾಯಿಗಳು ಸುಮ್ಮನಾಗುತ್ತವೆ.

ಇನ್ನು ಕೆಲವು ನಾಯಿಗಳಿಗೆ ಒಂಟಿಯಾಗಿ ಇರುವುದೇ ಭಯ. ನೀವು ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೇ ಅಳು, ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು, ಒಳಗೇ ಮೂತ್ರ ಮಾಡುವುದು ಶುರುವಾದರೆ ಅದು ತುಂಟತನವಲ್ಲ, ಸಂಕಟ. ಬೈದರೆ, ಹೊಡೆದರೆ ಜಾಸ್ತಿಯಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಾಯಿಗೆ ಭಯವಾಗದಷ್ಟು ಚಿಕ್ಕ ಹೊತ್ತಿನಿಂದ ಶುರು ಮಾಡಿ. ಬಾಗಿಲ ಹೊರಗೆ ಹೋಗಿ ಕೆಲವೇ ಸೆಕೆಂಡಿನಲ್ಲಿ ವಾಪಸ್ ಬನ್ನಿ. ಅದು ಅಭ್ಯಾಸವಾದ ಮೇಲೆ ಒಂದು ನಿಮಿಷ, ಆಮೇಲೆ ಐದು, ಹತ್ತು. ಚಪ್ಪಲಿ ಹಾಕಿಕೊಂಡು, ಕೀ ತೆಗೆದುಕೊಂಡು ಎಲ್ಲೂ ಹೋಗದೆ ಸುಮ್ನೆ ಕೂತುಬಿಡಿ. ಕೀ ಸದ್ದಾಯಿತು ಎಂದರೆ ನೀವು ಹೊರಟಿರಿ ಎಂಬ ಗಾಬರಿ ಅದಕ್ಕೆ ಮೆಲ್ಲಗೆ ಇಳಿಯುತ್ತದೆ. ಇದಕ್ಕೆ ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳು. ಎರಡು ಮೂರು ತಿಂಗಳು ಮೊದಲೇ ಶುರು ಮಾಡಿ ಎಂದದ್ದು ಇದಕ್ಕೇ. ಸಂಕಟ ತೀರಾ ಜಾಸ್ತಿಯಿದ್ದರೆ ಪಶುವೈದ್ಯರನ್ನು ಕಾಣಿ. ತರಬೇತಿಯ ಜೊತೆಗೆ ಕೊಡಲು ಔಷಧಿಗಳಿವೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮೂತ್ರದ ವಿಷಯ. ಮರಿಗಳ ಬಗ್ಗೆ ಒಂದು ಸರಳ ಲೆಕ್ಕವಿದೆ: ಮರಿಗೆ ಎಷ್ಟು ತಿಂಗಳು ವಯಸ್ಸೋ ಅಷ್ಟು ಗಂಟೆ, ಅದರ ಮೇಲೆ ಇನ್ನೊಂದು ಗಂಟೆ ತಡೆದುಕೊಳ್ಳಬಲ್ಲದು. ಮೂರು ತಿಂಗಳ ಮರಿಗೆ ಹೆಚ್ಚೆಂದರೆ ನಾಲ್ಕು ಗಂಟೆ. ಇದು ಅಂದಾಜು ಅಷ್ಟೇ. ದಿನವಿಡೀ ಕೆಲಸಕ್ಕೆ ಹೋಗುವವರು ಮರಿ ತಂದುಕೊಂಡು ಅದೇ ತಿಂಗಳು ಮನೆ ಬದಲಾಯಿಸುವುದು ಬೇಡ ಎಂಬುದು ನನ್ನ ಸಲಹೆ. ಮರಿ ಹಲ್ಲು ಬರುವಾಗ ಸಿಕ್ಕಿದ್ದೆಲ್ಲ ಕಚ್ಚುತ್ತದೆ, ಅದು ಮಾಲೀಕರಿಗೂ ಗೊತ್ತು. ಬೆಳೆದ, ಪಳಗಿದ ನಾಯಿಗೆ ಮನೆ ಸಿಗುವುದು ಸುಲಭ. ಗಂಡು ನಾಯಿ ಗೋಡೆ, ಕಂಬಕ್ಕೆಲ್ಲ ಕಾಲೆತ್ತುತ್ತಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಎಷ್ಟೋ ನಾಯಿಗಳಲ್ಲಿ ಆ ಅಭ್ಯಾಸ ಕಡಿಮೆಯಾಗುತ್ತದೆ.

ತರಬೇತಿಯಲ್ಲಿ ದೊಡ್ಡ ಸಾಹಸ ಬೇಕಿಲ್ಲ. ಕೂರು, ನಿಲ್ಲು, ಬಾ, ನಿನ್ನ ಜಾಗಕ್ಕೆ ಹೋಗು. ಈ ನಾಲ್ಕು ಸಾಕು. ಇವುಗಳಲ್ಲಿ ಕೊನೆಯದು ಬಾಡಿಗೆ ಮನೆಗೆ ತುಂಬಾ ಬೇಕು. ಕರೆಗಂಟೆ ಬಾರಿಸಿದಾಗ ಬಾಗಿಲಿಗೆ ನುಗ್ಗದೆ ತನ್ನ ಚಾಪೆಯ ಮೇಲೆ ಹೋಗಿ ಕೂರುವ ನಾಯಿಯನ್ನು ನೋಡಿದ ಮಾಲೀಕರು ಅರ್ಧ ಒಪ್ಪಿದಂತೆಯೇ. ಉಗುರು ಕತ್ತರಿಸುವುದನ್ನೂ ಅಭ್ಯಾಸ ಮಾಡಿಸಿ. ಮರದ ನೆಲಕ್ಕೆ ಗೀರು ಬೀಳುವುದು, ಕೆಳಮನೆಯವರಿಗೆ ಟಕ್ ಟಕ್ ಸದ್ದು ಕೇಳುವುದು ಬೆಳೆದ ಉಗುರಿನಿಂದಲೇ.

ನಾಯಿಯ ಫೈಲ್

ಒಂದು ಫೈಲ್ ಮಾಡಿ. ಅದರಲ್ಲಿ ಮೊದಲಿಗೆ ಲಸಿಕೆ ಪುಸ್ತಕ. ರೇಬಿಸ್ ಲಸಿಕೆಯ ತಾರೀಕು ದಾಟಿರಬಾರದು. ಸಾಮಾನ್ಯವಾಗಿ ಮರಿಗೆ 12 ವಾರ ತುಂಬಿದ ಮೇಲೆ ಮೊದಲ ರೇಬಿಸ್ ಲಸಿಕೆ, ಒಂದು ವರ್ಷಕ್ಕೆ ಇನ್ನೊಂದು. ಆಮೇಲೆ ಲಸಿಕೆ ಯಾವುದು, ಅಲ್ಲಿನ ಕಾನೂನು ಏನು ಎಂಬುದರ ಮೇಲೆ ಪ್ರತಿ ವರ್ಷ ಅಥವಾ ಮೂರು ವರ್ಷಕ್ಕೊಮ್ಮೆ. ಡಿಸ್ಟೆಂಪರ್, ಪಾರ್ವೊ, ಅಡಿನೊವೈರಸ್ ಲಸಿಕೆಗಳೂ ಆಗಿರಬೇಕು. ಲೆಪ್ಟೊಸ್ಪೈರೋಸಿಸ್ ಮೂತ್ರದ ಮೂಲಕ ಮನುಷ್ಯರಿಗೂ ಬರುವ ರೋಗ. ಹಾಗಾಗಿ ಆ ಲಸಿಕೆಯೂ ಆಗಿದೆ ಎಂದು ತೋರಿಸಿದರೆ ಒಂದೇ ಅಂಗಳ ಬಳಸುವ ಮನೆಗಳಲ್ಲಿ ಒಳ್ಳೆಯದು. ಜಂತು ಔಷಧಿ, ಉಣ್ಣೆ ಮತ್ತು ಚಿಗಟದ ಔಷಧಿ ಯಾವಾಗ ಕೊಟ್ಟಿರಿ ಎಂಬುದನ್ನು ಪುಸ್ತಕದಲ್ಲಿ ಬರೆಸಿ. ಶಸ್ತ್ರಚಿಕಿತ್ಸೆ ಆಗಿದ್ದರೆ ಅದರ ಪತ್ರ. ನೀವಿರುವಲ್ಲಿ ಸ್ಥಳೀಯ ಆಡಳಿತದ ನಾಯಿ ಲೈಸೆನ್ಸ್ ಕಡ್ಡಾಯವಾಗಿದ್ದರೆ ಅದು. ಮೈಕ್ರೊಚಿಪ್ (ನಾಯಿಯ ಚರ್ಮದ ಕೆಳಗೆ ಇಡುವ ಗುರುತಿನ ಚಿಪ್) ಹಾಕಿಸಿದ್ದರೆ ಅದರ ಸಂಖ್ಯೆ, ಅಂತಾರಾಷ್ಟ್ರೀಯ ಮಾದರಿಯಲ್ಲಿ ಅದಕ್ಕೆ 15 ಅಂಕೆ.

ಇವೆಲ್ಲಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿದೆ. ಈಗಿನ ಮಾಲೀಕರ ಪತ್ರ. ‘ಇವರು ಇಷ್ಟು ವರ್ಷ ನಮ್ಮ ಮನೆಯಲ್ಲಿದ್ದರು. ನಾಯಿಯಿಂದ ತೊಂದರೆ ಆಗಿಲ್ಲ. ಅಕ್ಕಪಕ್ಕದವರಿಂದ ದೂರು ಬಂದಿಲ್ಲ.’ ಮೂರು ಸಾಲು ಸಾಕು, ಅವರು ಒಪ್ಪಿದರೆ ಫೋನ್ ನಂಬರ್ ಸಹಿತ. ಮನೆ ಮಾಲೀಕರು ಪಶುವೈದ್ಯರ ಮಾತಿಗಿಂತ ಇನ್ನೊಬ್ಬ ಮನೆ ಮಾಲೀಕರ ಮಾತನ್ನು ಬೇಗ ನಂಬುತ್ತಾರೆ. ಮೊದಲ ಬಾರಿ ಬಾಡಿಗೆ ಮನೆಗೆ ಹೋಗುತ್ತಿದ್ದರೆ ಪಕ್ಕದ ಮನೆಯವರಿಂದ ಬರೆಸಿಕೊಳ್ಳಿ.

ಇವುಗಳ ಮೇಲೆ ಒಂದು ಪುಟದ ಪರಿಚಯ ಇಡಿ. ಒಂದು ಚೆನ್ನಾದ ಫೋಟೊ, ನಾಯಿ ಆರಾಮವಾಗಿ ಕೂತಿರುವಂಥದ್ದು. ಹೆಸರು, ವಯಸ್ಸು, ತೂಕ, ತಳಿ. ದಿನಚರಿ: ಯಾವಾಗ ವಾಕಿಂಗ್, ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿರುತ್ತದೆ, ಆಗ ಯಾರು ನೋಡಿಕೊಳ್ಳುತ್ತಾರೆ. ನೀವು ಊರಲ್ಲಿ ಇಲ್ಲದಾಗ ನಾಯಿ ಎಲ್ಲಿರುತ್ತದೆ. ‘ನಾನು ಚಿನ್ನು, ನನಗೆ ಎಲ್ಲರೂ ಇಷ್ಟ’ ಎಂದು ನಾಯಿಯೇ ಮಾತಾಡುವಂತೆ ಬರೆಯುವುದನ್ನು ನೋಡಿದ್ದೇನೆ. ನಾಯಿ ಪ್ರೀತಿಸುವವರಿಗೆ ಅದು ಮುದ್ದು ಅನ್ನಿಸುತ್ತದೆ. ಆದರೆ ನೀವು ಒಪ್ಪಿಸಬೇಕಾಗಿರುವುದು ನಾಯಿಗೆ ಹೆದರುವವರನ್ನು. ಅವರಿಗೆ ನೇರವಾದ ಮಾಹಿತಿಯೇ ಸರಿ.

ಎಂಥ ಮನೆ?

ಮನೆ ನಾಯಿಗೂ ಹೊಂದಬೇಕು. ಮಾಲೀಕರು ಒಪ್ಪಿದರು ಎಂಬ ಒಂದೇ ಕಾರಣಕ್ಕೆ ಯಾವುದೋ ಮನೆಗೆ ಹೋಗಿ, ಆರು ತಿಂಗಳಲ್ಲಿ ಮತ್ತೆ ಹುಡುಕುವುದು ನಾಯಿಗೂ ನಿಮಗೂ ಶಿಕ್ಷೆ.

ಮನೆ ನೋಡಲು ಹೋದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ರಾತ್ರಿ ಹನ್ನೊಂದಕ್ಕೆ ನಾಯಿಗೆ ಮೂತ್ರ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತೇನೆ? ಹತ್ತಿರದಲ್ಲಿ ಮಣ್ಣು ಅಥವಾ ಹುಲ್ಲಿರುವ, ಬೆಳಕಿರುವ ಜಾಗ ಇಲ್ಲದಿದ್ದರೆ ಮನೆ ಎಷ್ಟೇ ಚೆಂದವಿದ್ದರೂ ದಿನಾ ಕಷ್ಟ. ಮೆಟ್ಟಿಲು ನೋಡಿ. ಡ್ಯಾಷ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗೆ, ಕೀಲುನೋವಿರುವ ವಯಸ್ಸಾದ ನಾಯಿಗೆ ಮೇಲಿನ ಮಹಡಿ ಒಳ್ಳೆಯದಲ್ಲ. ಬಾಲ್ಕನಿಯ ಕಂಬಿಗಳ ನಡುವೆ ತಲೆ ತೂರುತ್ತದೆಯೇ, ಕಾಂಪೌಂಡ್ ಗೋಡೆ ಹಾರಬಹುದೇ, ಗೇಟಿನ ಕೆಳಗೆ ಸಂದಿ ಇದೆಯೇ ನೋಡಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಸೆಕೆ ತಡೆಯುವುದಿಲ್ಲ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ಅದೇ ಇವುಗಳಿಗೆ ಕಷ್ಟ. ಇವುಗಳಿಗೆ ಗಾಳಿ ಆಡುವ ಮನೆಯೇ ಬೇಕು. ನೆಲ ನುಣುಪಾಗಿದ್ದರೆ ಓಡಾಡುವ ಜಾಗದಲ್ಲಿ ಜಾರದ ಚಾಪೆ ಹಾಸಬೇಕಾಗುತ್ತದೆ, ಆ ಲೆಕ್ಕವೂ ಇರಲಿ.

ಮಾಲೀಕರು ಅದೇ ಕಟ್ಟಡದಲ್ಲಿದ್ದರೆ ಕೆಲವರು ಹಿಂಜರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದೂರದಲ್ಲಿರುವ ಮಾಲೀಕರಿಗೆ ನಾಯಿಯ ಸುದ್ದಿ ಬರುವುದು ದೂರಿನ ರೂಪದಲ್ಲಿ ಮಾತ್ರ. ಅಲ್ಲೇ ಇರುವವರು ದಿನಾ ನಾಯಿಯನ್ನು ನೋಡುತ್ತಾರೆ, ಅದು ಹೇಗಿದೆ ಎಂದು ಅವರಿಗೇ ಗೊತ್ತಿರುತ್ತದೆ. ಯಾರಾದರೂ ದೂರು ಹೇಳಿದರೆ ನಿಮ್ಮ ಪರವಾಗಿ ಮಾತಾಡುವವರೂ ಅವರೇ.

ಗಾತ್ರದ ಬಗ್ಗೆ ಒಂದು ಮಾತು. ಚಿಕ್ಕ ನಾಯಿಯೆಂದರೆ ತೊಂದರೆ ಕಡಿಮೆ ಎಂದು ಮಾಲೀಕರು ಅಂದುಕೊಳ್ಳುತ್ತಾರೆ. ಗ್ರೇಹೌಂಡ್ ಎತ್ತರದ ನಾಯಿ, ಆದರೆ ಮನೆಯೊಳಗೆ ದಿನದ ಬಹುಪಾಲು ಮಲಗಿಯೇ ಇರುತ್ತದೆ. ಎಷ್ಟೋ ಟೆರಿಯರ್‌ಗಳು ತೋಳಲ್ಲಿ ಹಿಡಿಯುವಷ್ಟಿದ್ದರೂ ಬೀದಿಗೆಲ್ಲ ಕೇಳಿಸುವ ಹಾಗೆ ಬೊಗಳುತ್ತವೆ. ದೊಡ್ಡ ನಾಯಿ ಇದ್ದವರು ಈ ಮಾತನ್ನು ವೀಡಿಯೊ ತೋರಿಸಿ ಹೇಳಿದರೆ ಕೆಲಸಕ್ಕೆ ಬರುತ್ತದೆ. ಆದರೂ ಕೆಲವು ಕಟ್ಟಡಗಳಲ್ಲಿ ತೂಕದ ಮಿತಿ, ತಳಿಯ ನಿಷೇಧ ಇರುತ್ತದೆ. ಕೆಲವೊಮ್ಮೆ ಅದರ ಹಿಂದೆ ಇರುವುದು ಮಾಲೀಕರ ವಿಮಾ ಕಂಪನಿಯ ಷರತ್ತು. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಅಂಥ ಮನೆಗಳನ್ನು ಫೋನಿನಲ್ಲೇ ಕೇಳಿ ತಿಳಿದುಕೊಂಡು ಬಿಟ್ಟುಬಿಡಿ.

ಎಲ್ಲಿ ಹುಡುಕುವುದು?

ಬಾಡಿಗೆ ಆ್ಯಪ್‌ಗಳಲ್ಲಿ ‘ಸಾಕುಪ್ರಾಣಿ ಓಕೆ’ ಎಂಬ ಫಿಲ್ಟರ್ ಇರುತ್ತದೆ. ಹಾಕಿ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಎಷ್ಟೋ ಮಾಲೀಕರು ಆ ಪ್ರಶ್ನೆಗೆ ಉತ್ತರವನ್ನೇ ತುಂಬಿರುವುದಿಲ್ಲ. ಏನೂ ಹೇಳದ ಜಾಹೀರಾತು ಎಂದರೆ ‘ಇನ್ನೂ ಯೋಚಿಸಿಲ್ಲ’ ಎಂದೂ ಆಗಬಹುದು. ಬಹಳ ದಿನದಿಂದ ಖಾಲಿ ಇರುವ ಮನೆಗಳ ಮಾಲೀಕರು ಮಾತಿಗೆ ಸಿಗುತ್ತಾರೆ.

ಇದಕ್ಕಿಂತ ಒಳ್ಳೆಯ ದಾರಿ, ನಾಯಿ ಇರುವವರನ್ನೇ ಕೇಳುವುದು. ನಿಮಗೆ ಬೇಕಾದ ಬಡಾವಣೆಯಲ್ಲಿ ಬೆಳಗ್ಗೆ ಬೇಗ ಅಥವಾ ಸಂಜೆ ಒಂದು ಸುತ್ತು ನಡೆಯಿರಿ. ಯಾವ ಗೇಟಿನಿಂದ ನಾಯಿಗಳು ವಾಕಿಂಗ್‌ಗೆ ಹೊರಬರುತ್ತವೆ ನೋಡಿ. ನಾಯಿ ಹಿಡಿದವರು ನಾಯಿಯವರ ಜೊತೆ ಖುಷಿಯಿಂದ ಮಾತಾಡುತ್ತಾರೆ. ಆ ಕಟ್ಟಡದಲ್ಲಿ ನಾಯಿಗೆ ಅಭ್ಯಂತರ ಇದೆಯಾ, ಲಿಫ್ಟಿನ ವಿಷಯಕ್ಕೆ ಜಗಳ ಆಗುತ್ತದಾ, ಯಾವುದಾದರೂ ಮನೆ ಖಾಲಿ ಆಗುವುದಿದೆಯಾ, ಎಲ್ಲಾ ಐದು ನಿಮಿಷದಲ್ಲಿ ತಿಳಿಯುತ್ತದೆ. ಹತ್ತಿರದ ಪಶುವೈದ್ಯರು, ತರಬೇತಿ ಕೊಡುವವರು, ನಾಯಿಗಳನ್ನು ದತ್ತು ಕೊಡುವ ಸಂಸ್ಥೆಗಳು, ಇವರಿಗೂ ಇಂಥ ಮನೆಗಳ ಸುದ್ದಿ ಗೊತ್ತಿರುತ್ತದೆ. ಬ್ರೋಕರ್ ಮೂಲಕ ಹೋದರೆ ಮೊದಲ ಫೋನಿನಲ್ಲೇ ನಾಯಿಯ ವಿಷಯ ಹೇಳಿ. ‘ಆಮೇಲೆ ಮಾತಾಡೋಣ, ನಾನು ನೋಡ್ಕೋತೀನಿ’ ಎಂದರೆ ಒಪ್ಪಬೇಡಿ. ಅವರ ಕಮಿಷನ್ ಅವರಿಗೆ ಸಿಕ್ಕ ಮೇಲೆ ನೋಡಿಕೊಳ್ಳಬೇಕಾಗುವುದು ನೀವೇ.

ಮಾಲೀಕರ ಜೊತೆ ಮಾತು

ನಾಯಿಯ ವಿಷಯವನ್ನು ಯಾವಾಗ ಹೇಳಬೇಕು? ಮನೆ ನೋಡಲು ಹೋಗುವ ಮೊದಲೇ ಹೇಳಬೇಕು, ಆದರೆ ಮೊದಲ ವಾಕ್ಯದಲ್ಲೇ ಬೇಡ. ಮೊದಲು ನೀವು ಯಾರು ಎಂದು ತಿಳಿಯಲಿ. ಹೀಗೊಂದು ಮೆಸೇಜ್ ಕಳಿಸಬಹುದು:

‘ನಮಸ್ಕಾರ ಸರ್. ನಿಮ್ಮ ಮನೆ ಬಾಡಿಗೆಗಿದೆ ಎಂದು ನೋಡಿದೆ. ನಾವು ಗಂಡ ಹೆಂಡತಿ, ಇಬ್ಬರೂ ಕೆಲಸದಲ್ಲಿದ್ದೇವೆ. ಈಗಿನ ಮನೆಯಲ್ಲಿ ನಾಲ್ಕು ವರ್ಷದಿಂದ ಇದ್ದೇವೆ, ಬಾಡಿಗೆ ಯಾವತ್ತೂ ತಡವಾಗಿಲ್ಲ. ನಮ್ಮ ಜೊತೆ ಆರು ವರ್ಷದ ಒಂದು ಹೆಣ್ಣು ನಾಯಿ ಇದೆ. ಲಸಿಕೆ, ಆಪರೇಷನ್ ಎಲ್ಲಾ ಆಗಿದೆ. ಅದರ ಬಗ್ಗೆ ಈಗಿನ ಮಾಲೀಕರು ಬರೆದುಕೊಟ್ಟ ಪತ್ರವೂ ಇದೆ. ತಾವು ಒಪ್ಪಿದರೆ ಮನೆ ನೋಡಲು ಬರುತ್ತೇವೆ. ನಾಯಿಯನ್ನೂ ತಾವು ಒಮ್ಮೆ ನೋಡಬಹುದು.’

‘ಇಲ್ಲ’ ಎಂದರೆ ಒಂದೇ ಒಂದು ಪ್ರಶ್ನೆ ಕೇಳಿ: ‘ಪರವಾಗಿಲ್ಲ ಸರ್. ಹಿಂದೆ ಯಾರದ್ದಾದರೂ ನಾಯಿಯಿಂದ ತೊಂದರೆ ಆಗಿತ್ತಾ?’ ಹಿಂದಿನ ಬಾಡಿಗೆದಾರರ ನಾಯಿ ಬಾಗಿಲು ಹಾಳು ಮಾಡಿತ್ತು ಎಂದರೆ ಬಾಗಿಲಿನ ಬಗ್ಗೆಯೇ ಮಾತಾಡಿ. ಬಾಗಿಲಿನ ಕೆಳಭಾಗಕ್ಕೆ ಪಾರದರ್ಶಕ ಶೀಟ್ ಹಾಕಿಸುತ್ತೇನೆ, ಬಿಡುವಾಗ ತೆಗೆದುಕೊಡುತ್ತೇನೆ ಎನ್ನಿ. ವಾಸನೆ ಎಂದರೆ, ಮನೆ ಬಿಡುವಾಗ ನನ್ನ ಖರ್ಚಿನಲ್ಲಿ ಪೂರ್ತಿ ಕ್ಲೀನಿಂಗ್ ಮಾಡಿಸಿ ಬಿಲ್ ಕೊಡುತ್ತೇನೆ ಎನ್ನಿ. ಕೇಳದ ಭಯಕ್ಕೆಲ್ಲ ಉತ್ತರ ಕೊಡಲು ಹೋಗಬೇಡಿ. ಇಲ್ಲದ ಭಯವನ್ನು ನೀವೇ ಹುಟ್ಟಿಸಿದ ಹಾಗಾಗುತ್ತದೆ.

ಕೊಡಬಹುದಾದ ಭರವಸೆಗಳು ಇನ್ನೂ ಇವೆ. ಆಗಾಗ ಬಾಡಿಗೆದಾರರು ಬದಲಾಗುವುದು ಮಾಲೀಕರಿಗೆ ದೊಡ್ಡ ತಲೆನೋವು, ಹಾಗಾಗಿ ಹೆಚ್ಚು ಅವಧಿಯ ಕರಾರಿಗೆ ಒಪ್ಪುವುದು ಒಳ್ಳೆಯ ಅಸ್ತ್ರ. ಮೂರು ತಿಂಗಳಾದ ಮೇಲೆ ಮನೆಗೆ ಬಂದು ನೋಡಿ ಎಂದು ನೀವೇ ಕರೆಯಿರಿ. ನಾಯಿಯಿಂದ ಬೇರೆಯವರಿಗೆ ಆಗುವ ಹಾನಿಗೆ ವಿಮೆ ಸಿಗುವ ಕಡೆ ಅದನ್ನು ಮಾಡಿಸಿ. ಹೆಚ್ಚು ಅಡ್ವಾನ್ಸ್ ಕೊಡುವ ಮಾತನ್ನು ಕೊನೆಗೆ ಇಟ್ಟುಕೊಳ್ಳಿ. ಅಡ್ವಾನ್ಸ್‌ಗೆ ಕಾನೂನಿನ ಮಿತಿ ಇರುವ ಕಡೆಗಳೂ ಇವೆ, ವಿಚಾರಿಸಿ. ಕೊಟ್ಟರೂ ಅದು ವಾಪಸ್ ಬರುವ ದುಡ್ಡು ಎಂದು ಬರೆಸಿಕೊಳ್ಳಿ.

ಅಲರ್ಜಿ, ನಂಬಿಕೆ, ನಿಜವಾದ ಭಯ, ಇಂಥ ಕಾರಣಗಳಿದ್ದರೆ ಒತ್ತಾಯ ಬೇಡ. ಧನ್ಯವಾದ ಹೇಳಿ ಮುಂದೆ ಹೋಗಿ. ಒಲ್ಲದ ಮನಸ್ಸಿನಿಂದ ಮನೆ ಕೊಟ್ಟವರು ನಾಯಿಯ ಪ್ರತಿ ಸದ್ದಿಗೂ ಕಿವಿ ಕೊಟ್ಟು ಕೂರುತ್ತಾರೆ.

ನಾಯಿಯನ್ನು ಭೇಟಿ ಮಾಡಿಸುವ ದಿನ, ಮೊದಲು ಚೆನ್ನಾಗಿ ವಾಕಿಂಗ್ ಮಾಡಿಸಿ. ಮೈ ಒಣಗಿರಲಿ, ಬಾಚಿರಲಿ. ಚಿಕ್ಕ ಬೆಲ್ಟ್ ಹಾಕಿ ಹಿಡಿದುಕೊಳ್ಳಿ. ಗೇಟಿನ ಹೊರಗೆ ಭೇಟಿಯಾಗಿ, ಮಾಲೀಕರೇ ಒಳಗೆ ಕರೆಯಲಿ. ನಾಯಿಯ ಚಾಪೆ ಜೊತೆಗೆ ಒಯ್ಯಿರಿ, ಅದರ ಮೇಲೆ ಕೂರಿಸಿ ನೀವು ಮಾತಾಡಿ. ಅವರು ಮುಟ್ಟಲು ಬಯಸದಿದ್ದರೆ ‘ಏನೂ ಮಾಡಲ್ಲ, ಮುಟ್ಟಿ’ ಎನ್ನಬೇಡಿ. ಹೊಸಬರನ್ನು ಕಂಡರೆ ಹೆದರುವ ನಾಯಿಯಾದರೆ ಭೇಟಿ ಬೇಡ. ಅದು ಮನೆಯಲ್ಲಿ ಇರುವ ರೀತಿಯ ವೀಡಿಯೊ ಕಳಿಸಿ, ಹೆದರುತ್ತದೆ ಎಂಬುದನ್ನೂ ಹೇಳಿ.

ಕಟ್ಟಡದ ನಿಯಮ, ಊರಿನ ಕಾನೂನು

ಮಾಲೀಕರು ಒಪ್ಪಿದರೂ ಅಪಾರ್ಟ್‌ಮೆಂಟ್ ಸಂಘದ ನಿಯಮ ಬೇರೆ ಇರಬಹುದು. ಅದರ ಪ್ರತಿ ಕೇಳಿ ಓದಿ. ಲಿಫ್ಟ್, ಉದ್ಯಾನ, ಬೆಲ್ಟ್ ಇವುಗಳ ಬಗ್ಗೆ ಏನಿದೆ ನೋಡಿ.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಫ್ರಾನ್ಸ್‌ನಲ್ಲಿ 1970ರ ಕಾನೂನಿನಂತೆ ಸಾಕುಪ್ರಾಣಿ ಇಡಬಾರದು ಎಂಬ ಬಾಡಿಗೆ ಷರತ್ತಿಗೆ ಬೆಲೆಯಿಲ್ಲ, ಅಪಾಯಕಾರಿ ಎಂದು ಗುರುತಿಸಿದ ಕೆಲವು ನಾಯಿಗಳನ್ನು ಬಿಟ್ಟು. ಜರ್ಮನಿಯ ಫೆಡರಲ್ ನ್ಯಾಯಾಲಯ 2013ರಲ್ಲಿ, ಕರಾರಿನಲ್ಲಿ ನಾಯಿ ಬೆಕ್ಕುಗಳನ್ನು ಸಾರಾಸಗಟಾಗಿ ನಿಷೇಧಿಸುವಂತಿಲ್ಲ, ಪ್ರತಿ ಸಂದರ್ಭವನ್ನೂ ತೂಗಿ ನೋಡಬೇಕು ಎಂದು ಹೇಳಿತು. ಕೆನಡಾದ ಒಂಟಾರಿಯೊದಲ್ಲಿಯೂ ಇಂಥ ಷರತ್ತು ಊರ್ಜಿತವಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2020ರಿಂದ ಮಾಲೀಕರು ಸರಿಯಾದ ಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ಅಮೆರಿಕದಲ್ಲಿ ಅಂಗವೈಕಲ್ಯ ಇರುವವರಿಗೆ ನೆರವಾಗುವ ನಾಯಿಯನ್ನು ವಸತಿ ಕಾನೂನು ಸಾಕುಪ್ರಾಣಿ ಎಂದು ಲೆಕ್ಕಿಸುವುದಿಲ್ಲ. ಭಾರತದಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ನಿವಾಸಿಗಳ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎನ್ನುತ್ತದೆ. ಆದರೆ ಅದು ಸಂಘಗಳಿಗೆ ಹೇಳಿದ್ದು. ಬಾಡಿಗೆಗೆ ಕೊಡುವ ಮಾಲೀಕರ ಜೊತೆ ನೀವೇ ಮಾತಾಡಿ ಒಪ್ಪಿಸಬೇಕು. ಕಾನೂನು ಗೊತ್ತಿರಲಿ, ಆದರೆ ಮೊದಲ ಭೇಟಿಯಲ್ಲೇ ಅದನ್ನು ಮುಂದೆ ಮಾಡಬೇಡಿ.

ಕರಾರಿನಲ್ಲಿ ಏನಿರಬೇಕು

ಬಾಯಿಮಾತಿನ ಒಪ್ಪಿಗೆ ಸಾಲದು. ಮಾಲೀಕರು ಮನೆ ಮಾರಬಹುದು, ಮಕ್ಕಳ ಕೈಗೆ ಒಪ್ಪಿಸಬಹುದು. ಆಗ ಹೊಸಬರಿಗೆ ಕಾಣುವುದು ಕಾಗದ ಮಾತ್ರ. ನಾಯಿಯ ಹೆಸರು, ತಳಿ, ಬಣ್ಣ ಬರೆದು ‘ಈ ನಾಯಿಯನ್ನು ಇಟ್ಟುಕೊಳ್ಳಲು ಒಪ್ಪಿಗೆ ಇದೆ’ ಎಂದು ನೇರವಾಗಿ ಹಾಕಿಸಿ. ‘ಮಾಲೀಕರು ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು’ ಎಂಬ ಸಾಲಿದ್ದರೆ ತೆಗೆಸಿ. ಅದರ ಬದಲು, ದೂರು ಬಂದರೆ ಬರಹದಲ್ಲಿ ತಿಳಿಸಬೇಕು, ಸರಿಪಡಿಸಲು ಇಂತಿಷ್ಟು ದಿನ ಕೊಡಬೇಕು ಎಂದು ಇರಲಿ. ಬಳಕೆಯಿಂದ ಸಹಜವಾಗಿ ಸವೆಯುವುದಕ್ಕೂ ನಾಯಿ ಮಾಡಿದ ಹಾನಿಗೂ ವ್ಯತ್ಯಾಸ ಬರೆಯಿರಿ. ಮಾಲೀಕರಾಗಲಿ ರಿಪೇರಿಯವರಾಗಲಿ ಬರುವ ಮೊದಲು ತಿಳಿಸಬೇಕು ಎಂಬ ಸಾಲು ತುಂಬಾ ಮುಖ್ಯ. ನೀವಿಲ್ಲದಾಗ ಯಾರೋ ಬಾಗಿಲು ತೆರೆದು ನಾಯಿ ಹೊರಗೆ ಓಡಿಹೋದರೆ, ಹೆದರಿ ಕಚ್ಚಿದರೆ, ಅದನ್ನು ಯಾವ ಅಡ್ವಾನ್ಸೂ ಸರಿಮಾಡುವುದಿಲ್ಲ.

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವೀಡಿಯೊ ಮಾಡಿ. ಬಾಗಿಲಿನ ಕೆಳಭಾಗ, ನೆಲದ ಗೀರು, ಗೋಡೆಯ ಮೂಲೆ, ಎಲ್ಲಾ ಹತ್ತಿರದಿಂದ. ಅದೇ ದಿನ ಮಾಲೀಕರಿಗೂ ಕಳಿಸಿ.

ಮುಚ್ಚಿಡುವ ದಾರಿ ಬೇಡ

ನಾಯಿಯ ವಿಷಯ ಹೇಳದೆ ಮನೆ ಸೇರುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ನಾಯಿಯನ್ನು ಬಚ್ಚಿಡಲು ಆಗುವುದಿಲ್ಲ. ಬಚ್ಚಿಡಲು ಹೊರಟರೆ ಅದರ ವಾಕಿಂಗ್ ಕತ್ತಲಲ್ಲಿ, ಅದರ ಪ್ರತಿ ಬೊಗಳುವಿಕೆಗೂ ನಿಮ್ಮ ಎದೆ ಡವಡವ. ಸಿಕ್ಕಿಬಿದ್ದ ದಿನ ಕರಾರು ಮುರಿದವರು ನೀವೇ ಆಗುತ್ತೀರಿ, ಕೆಲವೇ ದಿನಗಳಲ್ಲಿ ಮನೆ ಬಿಡಬೇಕಾಗುತ್ತದೆ. ನಾಯಿಗಳನ್ನು ಆಶ್ರಯ ಕೇಂದ್ರಕ್ಕೆ ಬಿಟ್ಟುಬರುವಂತಾಗುವುದು ಇಂಥ ಅವಸರದಲ್ಲೇ.

ಹುಡುಕಿಯೂ ಸಿಗದೆ, ಈಗಿನ ಮನೆ ಬಿಡುವ ದಿನ ಬಂದೇಬಿಟ್ಟರೆ? ಮೊದಲು ಈಗಿನ ಮಾಲೀಕರ ಬಳಿ ಹೆಚ್ಚುವರಿ ದಿನ ಕೇಳಿ, ಬರಹದಲ್ಲಿ. ಆಗದಿದ್ದರೆ ನಾಯಿಗೆ ಗೊತ್ತಿರುವ ಸ್ನೇಹಿತರು ಅಥವಾ ನೆಂಟರ ಮನೆಯಲ್ಲಿ ಸ್ವಲ್ಪ ದಿನ ಬಿಡಿ. ಅದೂ ಇಲ್ಲವೆಂದರೆ ಬೋರ್ಡಿಂಗ್, ತಾತ್ಕಾಲಿಕವಾಗಿ ನಾಯಿ ನೋಡಿಕೊಳ್ಳುವ ಸ್ವಯಂಸೇವಕರು. ಎಷ್ಟು ದಿನ, ಊಟ ಔಷಧಿಯ ಖರ್ಚು ಯಾರದು, ನಾಯಿ ಯಾರದು ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಿ. ಹೋಗಿ ನೋಡಿಕೊಂಡು ಬನ್ನಿ. ನಿಮ್ಮ ವಾಸನೆಯಿರುವ ಹಳೆಯ ಬಟ್ಟೆಯೊಂದು ಅದರ ಹಾಸಿಗೆಯಲ್ಲಿರಲಿ.

ಸಾಮಾನು ಸಾಗಿಸುವ ದಿನ, ಆಮೇಲಿನ ವಾರಗಳು

ನಾಯಿ ಕಳೆದುಹೋಗುವ ಅಪಾಯ ಜಾಸ್ತಿ ಇರುವ ದಿನವೇ ಅದು. ಬಾಗಿಲು ತೆರೆದೇ ಇರುತ್ತದೆ, ಅಪರಿಚಿತರು ಓಡಾಡುತ್ತಾರೆ. ಅವತ್ತು ನಾಯಿ ಬೇರೆ ಮನೆಯಲ್ಲಿರಲಿ, ಇಲ್ಲವೇ ಒಂದು ಕೋಣೆಯಲ್ಲಿ ಬಾಗಿಲು ಹಾಕಿ ಚೀಟಿ ಅಂಟಿಸಿ. ಕೊರಳ ಬಿಲ್ಲೆಯಲ್ಲಿ ನಿಮ್ಮ ಈಗಿನ ಫೋನ್ ನಂಬರ್ ಇರಬೇಕು. ಮೈಕ್ರೊಚಿಪ್ ದಾಖಲೆಯಲ್ಲಿ ಹೊಸ ವಿಳಾಸ ಸೇರಿಸಿ. ಹೊಸ ಮನೆಯ ಮೂಲೆ, ಕಪಾಟುಗಳಲ್ಲಿ ಇಲಿ ಪಾಷಾಣ ಇಟ್ಟಿದ್ದಾರೆಯೇ ಎಂದು ನಾಯಿ ಒಳಗೆ ಬರುವ ಮೊದಲೇ ಹುಡುಕಿ.

ಮೊದಲ ಕೆಲವು ದಿನ ರಜೆ ಹಾಕಲು ಆದರೆ ಹಾಕಿ. ಹಳೆ ಮನೆಯಲ್ಲಿ ಎಂಟು ಗಂಟೆ ಸುಮ್ಮನೆ ಇದ್ದ ನಾಯಿಗೂ ಹೊಸ ಗೋಡೆಗಳ ನಡುವೆ ಅರ್ಧ ಗಂಟೆ ಕಷ್ಟವಾಗಬಹುದು. ಹಳೆಯ ಹಾಸಿಗೆಯನ್ನು ತೊಳೆಯದೆ ಹಾಗೇ ತನ್ನಿ. ಊಟ, ವಾಕಿಂಗ್ ಹಳೆಯ ಹೊತ್ತಿಗೇ ಆಗಲಿ. ಒಂಟಿಯಾಗಿ ಬಿಡುವ ಅಭ್ಯಾಸವನ್ನು ಮತ್ತೆ ಚಿಕ್ಕ ಹೊತ್ತಿನಿಂದ ಶುರು ಮಾಡಿ.

ಅಕ್ಕಪಕ್ಕದವರನ್ನು ನೀವೇ ಹೋಗಿ ಮಾತಾಡಿಸಿ. ‘ನಾಯಿ ಇದೆ, ಹೊಸ ಜಾಗವಾದ್ದರಿಂದ ಸ್ವಲ್ಪ ದಿನ ಬೊಗಳಬಹುದು. ತೊಂದರೆಯಾದರೆ ಮೊದಲು ನನಗೆ ಹೇಳಿ’ ಎಂದು ನಂಬರ್ ಕೊಡಿ. ಹೀಗೆ ಮಾಡಿದರೆ ಬರುವ ದೂರು ಮಾಲೀಕರಿಗೆ ಹೋಗುವ ಮೊದಲು ನಿಮ್ಮ ಬಳಿ ಬರುತ್ತದೆ. ಮಲವನ್ನು ಪ್ರತಿ ಸಲವೂ ತೆಗೆಯಿರಿ, ಯಾರೂ ನೋಡದಿದ್ದರೂ. ಒಂದು ನಾಯಿಯವರು ತೆಗೆಯದೆ ಹೋದದ್ದಕ್ಕೆ ಆ ಕಟ್ಟಡದ ಎಲ್ಲಾ ನಾಯಿಗಳೂ ಬೈಸಿಕೊಳ್ಳುತ್ತವೆ.

ಒಳಗೆ ಮೂತ್ರ ಬಿದ್ದರೆ ಮೊದಲು ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎನ್‌ಜೈಮ್ ಇರುವ ಕ್ಲೀನರ್ ಹಾಕಿ ಅದು ಹೇಳಿದಷ್ಟು ಹೊತ್ತು ಬಿಡಿ. ಮೂತ್ರದ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಸುಮ್ನೆ ಒರೆಸಿದರೆ ತೇವ ಬಂದಾಗ ವಾಸನೆ ಮತ್ತೆ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಬೇಡ. ಅದರ ವಾಸನೆ ಮೂತ್ರವನ್ನು ಹೋಲುವುದರಿಂದ ನಾಯಿ ಮತ್ತೆ ಅದೇ ಜಾಗಕ್ಕೆ ಹೋಗಬಹುದು. ಬಾಗಿಲಿಗೆ ಗೀರು ಬಿದ್ದರೆ ಅದೇ ವಾರ ಸರಿ ಮಾಡಿಸಿ. ಮನೆ ಬಿಡುವ ದಿನದವರೆಗೂ ಇಟ್ಟುಕೊಂಡರೆ ಅಡ್ವಾನ್ಸಿನಲ್ಲಿ ಎಷ್ಟು ಕಡಿಯಬೇಕು ಎಂಬುದನ್ನು ಮಾಲೀಕರೇ ತೀರ್ಮಾನಿಸುತ್ತಾರೆ.

ಮನೆ ಬಿಡುವಾಗ ಬಂದ ದಿನದ ವೀಡಿಯೊ ಇಟ್ಟುಕೊಂಡು ಮಾಲೀಕರ ಜೊತೆಗೇ ಮನೆಯೆಲ್ಲ ಒಂದು ಸುತ್ತು ನೋಡಿ. ಕ್ಲೀನಿಂಗ್ ಬಿಲ್ ಕೊಡಿ. ಕೀ ಒಪ್ಪಿಸುವ ಮೊದಲೇ ಮುಂದಿನ ಮನೆಗಾಗಿ ಅವರಿಂದ ನಾಯಿಯ ಬಗ್ಗೆ ಮೂರು ಸಾಲಿನ ಪತ್ರ ಬರೆಸಿಕೊಂಡು, ಫೈಲಿಗೆ ಹಾಕಿ.